ಪುಸ್ತಕದ ಮೈಯ ಮನುಷ್ಯ

ಮದ್ದೂರು
೧೪ ಜೂನ್ ೧೯೪೩

ಪ್ರೀತಿಯ ಮೀನಾ,

ಈ ಕಾಗದದೊಳಗೆ ಮಡಚಿಟ್ಟಿರುವ ಚಿತ್ರವನ್ನು ಮೊದಲು ನೋಡು. ಆಮೇಲೆ ಮುಂದೆ ಓದು.

ನೋಡಿದೆಯಾ? ದೂರ ಹಿಡಿದರೆ ಗಡ್ಡ ಬಿಟ್ಟ ದೊಡ್ಡ ಮನುಷ್ಯ. ಹತ್ತಿರ ತಂದರೆ ಮನುಷ್ಯನೇ ಇಲ್ಲ! ಎದೆ, ತೋಳು ಎಲ್ಲ ಪೇರಿಸಿಟ್ಟ ಪುಸ್ತಕ. ಮೂಗು ಒಂದು ಪುಟ್ಟ ಪುಸ್ತಕ. ತಲೆಗೂದಲು ಬಿಚ್ಚಿಟ್ಟ ಪುಸ್ತಕದ ಹಾಳೆ. ಗಡ್ಡ ಧೂಳು ಹೊಡೆಯುವ ಕುಚ್ಚು. ಕಣ್ಣಿರಬೇಕಾದ ಕಡೆ ಬೀಗದ ಕೈಗಳ ಬಳೆ. ನಾನೂರು ವರ್ಷದ ಹತ್ತಿರವಾಯಿತಂತೆ, ಇಟಲಿಯ ಒಬ್ಬ ಚಿತ್ರಗಾರ ಯಾವುದೋ ಚಕ್ರವರ್ತಿಯ ಆಸ್ಥಾನದಲ್ಲಿದ್ದುಕೊಂಡು ಬರೆದದ್ದು.

ಯುದ್ಧ ಶುರುವಾದ ಮೇಲೆ ಅಬ್ಬಾನ ಬೈಂಡಿಂಗ್ ಅಂಗಡಿಗೆ ಹೊಸ ಕಾಗದ ಸಿಗುತ್ತಿಲ್ಲ. ರಟ್ಟಿಗೆ ಅಂಟಿಸಲು ಮಂಡ್ಯದಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟು ತಂದಿದ್ದರು. ಅದರಲ್ಲಿ ಈ ಮಹಾಶಯ ಸಿಕ್ಕಿದ. ಪುಸ್ತಕ ಕೂಡಿಹಾಕಿ ಓದದೆ ಇರುವವರನ್ನು ಗೇಲಿ ಮಾಡಿದ ಚಿತ್ರ ಇದು ಎಂದು ಕೆಳಗೆ ಬರೆದಿತ್ತು. ಅಬ್ಬಾಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇವ್ನು ಓದೋನಲ್ಲ ಕಣಮ್ಮ, ಬೈಂಡು ಮಾಡ್ಸೋನು. ಇಂಥೋರು ಇದ್ರೇನೆ ನಮ್ಮೊಲೆ ಉರಿಯಾದು" ಅಂದರು.

ಹೋದ ವರ್ಷ ಅಬ್ಬಾನ ಜೊತೆ ನಿಮ್ಮ ಮನೆಗೆ ಬಂದಾಗ ನೋಡಿದ ಆ ಗಾಜಿನ ಬೀರುಗಳು, ಚಿನ್ನದ ಅಕ್ಷರದ ಬೆನ್ನುಗಳು ನೆನಪಾದವು. ನಿನ್ನ ಯಜಮಾನರು ಕೂಡ ನೆನಪಾದರು. ಕೋಪ ಮಾಡಿಕೊಳ್ಳಬೇಡ. ಒಬ್ಬಳೇ ಇದ್ದಾಗ ಒಂದು ಸಲ ನಕ್ಕು ಹರಿದುಹಾಕು.

ನಿನ್ನ
ಶಮೀಮ್


ಮಳವಳ್ಳಿ
೨ ಜುಲೈ ೧೯೪೩

ಶಮೀಮ್,

ಹರಿದುಹಾಕಲು ಆಗಲಿಲ್ಲ. ಪೋಸ್ಟಿನವನು ಬಂದಾಗ ಅವರು ಜಗುಲಿಯಲ್ಲೇ ಕೂತಿದ್ದರು. ಲಕೋಟೆ ಒಡೆದರು, ಚಿತ್ರ ಕೆಳಗೆ ಬಿತ್ತು. ಪುಣ್ಯಕ್ಕೆ ಕಾಗದ ಓದಲಿಲ್ಲ. ಚಿತ್ರವನ್ನೇ ಹಿಡಿದುಕೊಂಡು ಬಹಳ ಹೊತ್ತು ನಿಂತರು.

"ಯಾರಮ್ಮೀ ಇವ್ನು?"

ನನ್ನ ಬಾಯಿಗೆ ಬಂದದ್ದು ಸುಳ್ಳು. ಯುರೋಪಿನ ಒಬ್ಬ ದೊಡ್ಡ ವಿದ್ವಾಂಸರಂತೆ, ಓದಿ ಓದಿ ಮೈಯೆಲ್ಲ ಪುಸ್ತಕವಾಗಿದೆ ಅಂತ ಚಿತ್ರಗಾರ ಹೊಗಳಿದ್ದಾನೆ ಅಂದೆ. ಅವರ ಮುಖ ನೀನು ನೋಡಬೇಕಿತ್ತು. ಮಾರನೆಯ ದಿನವೇ ತೇಗದ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಾರೆ. ಅಕ್ಕಿ ಮಿಲ್ಲಿನ ಗುಮಾಸ್ತನಿಗೆ, "ನೋಡ್ಲಾ, ಮನುಸ ಅಂದ್ರೆ ಇಂಗಾಗ್ಬೇಕು ಕಣ್ಲಾ" ಅಂದರಂತೆ.

ಅವತ್ತು ಸಂಜೆ, ಮದುವೆಯಾದ ಮೇಲೆ ಮೊದಲನೆಯ ಸಲ, ತಮ್ಮ ಚಿಕ್ಕಂದಿನ ಮಾತು ಆಡಿದರು. ಪುಸ್ತಕ ತರಲಿಲ್ಲವೆಂದು ಮೇಷ್ಟ್ರು ಮೂರನೆಯ ಕ್ಲಾಸಿನಿಂದ ಆಚೆ ಕಳಿಸಿದರಂತೆ. ಅವರಪ್ಪ, "ಪುಸ್ತಕ ತಿಂದ್ರೆ ಒಟ್ಟೆ ತುಂಬ್ತದಾ?" ಎಂದು ಕೈಗೆ ಕೋಲು ಕೊಟ್ಟು ಕುರಿ ಕಾಯಲು ಅಟ್ಟಿದರಂತೆ. ಕುರಿಗಳನ್ನು ಮೇಯಲು ಬಿಟ್ಟು ಶಾಲೆಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದೆ ಅಂದರು. ಇವತ್ತಿಗೂ ಕನ್ನಡವನ್ನು ಬೆರಳಿಟ್ಟು ಓದುತ್ತಾರೆ. ಇಂಗ್ಲಿಷು ಒಂದಕ್ಷರ ಬರುವುದಿಲ್ಲ. ಕೊಳ್ಳುವುದೆಲ್ಲ ಇಂಗ್ಲಿಷೇ.

ಕೆಟ್ಟವರಲ್ಲ ಶಮೀಮ್. ಆದರೆ ಸುಳ್ಳು ಒಂದನ್ನು ಮಾತ್ರ ತಡೆದುಕೊಳ್ಳುವುದಿಲ್ಲ. ಮಿಲ್ಲಿನಲ್ಲಿ ಕದ್ದವನನ್ನು ಕ್ಷಮಿಸಿದ್ದುಂಟು, ಸುಳ್ಳು ಹೇಳಿದವನನ್ನು ಕ್ಷಮಿಸಿದ್ದು ನಾನು ಕಂಡಿಲ್ಲ. ಇನ್ನು ಮೇಲೆ ಅಂಚೆಗೆ ಹಾಕಬೇಡ. ನಮ್ಮ ಮನೆಗೆಲಸದ ಅಂಕಮ್ಮನ ಮಗಳು ಮದ್ದೂರಿನ ಕೋಟೆ ಬೀದಿಯಲ್ಲಿದ್ದಾಳೆ. ಅವಳ ಕೈಗೆ ಕೊಟ್ಟರೆ ಅಂಕಮ್ಮ ಹೋದಾಗ ತಂದುಕೊಡುತ್ತಾಳೆ.

ಮೀನಾಕ್ಷಿ


ಮದ್ದೂರು
೨೦ ಜುಲೈ ೧೯೪೩

ಪ್ರೀತಿಯ ಮೀನಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ.

ನಿನ್ನ ಸುಳ್ಳು ಪೂರಾ ಸುಳ್ಳೂ ಅಲ್ಲವೇನೋ. ಅಷ್ಟೊಂದು ಪುಸ್ತಕಗಳ ಅಂಚು, ದಾರ, ಕೊಂಡಿಗಳನ್ನು ಅಷ್ಟು ಚೆನ್ನಾಗಿ ಬರೆಯಬೇಕಾದರೆ ಆ ಚಿತ್ರಗಾರನಿಗೂ ಪುಸ್ತಕದ ಮೇಲೆ ಪ್ರೀತಿ ಇದ್ದಿರಲೇಬೇಕು. ಬರೀ ಸಿಟ್ಟಿದ್ದವನು ಹಾಗೆ ಬರೆಯಲಾರ. ಆದರೂ ಆ ಕಣ್ಣು ನನಗೆ ಹಿಡಿಸುವುದಿಲ್ಲ. ಬೀಗದ ಕೈಯನ್ನೇ ಕಣ್ಣು ಮಾಡಿಕೊಂಡವನಿಗೆ ಕಂಡದ್ದೆಲ್ಲ ಮುಚ್ಚಿಡುವ ಸಾಮಾನಾಗಿಯೇ ಕಾಣುತ್ತದೆ.

ಒಂದು ಮಾತು ಕೇಳು. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನೀನೇ ಹೇಳಿಬಿಡು. ಊಟವಾದ ಮೇಲೆ, ಎಲೆ ಅಡಿಕೆ ಕೊಡುವಾಗ ಹೇಳು. ತಪ್ಪೆಲ್ಲ ನನ್ನ ಮೇಲೆ ಹಾಕು. ದಸ್ತಗೀರ್ ಸಾಬರ ಮಗಳು ತಲೆಹರಟೆ ಅನ್ನು, ಊರಿಗೇ ಗೊತ್ತಿರುವ ವಿಷಯ.

ಶಮೀಮ್


ಮಳವಳ್ಳಿ
೮ ನವೆಂಬರ್ ೧೯೪೩

ಶಮೀಮ್,

ನೀನು ಹೇಳು ಅಂದೆ. ನಾನು ಹೇಳಲಿಲ್ಲ. ಇವತ್ತು, ನಾಳೆ ಅಂತ ತಳ್ಳಿದೆ.

ಊರಿಗೊಂದು ವಾಚನಾಲಯ ಬೇಕೆಂದು ಇಲ್ಲಿಯ ನಾಲ್ಕು ಜನ ಸೇರಿ ಇವರನ್ನು ಕೇಳಲು ಬಂದಿದ್ದರು. ಜೊತೆಗೆ ಬೆಂಗಳೂರಿನ ಒಬ್ಬ ಕಾಲೇಜು ಮೇಷ್ಟ್ರು. ಇವರು ಹೊಸ ಪಂಚೆ ಉಟ್ಟು ಕಾದಿದ್ದರು. ಮೇಷ್ಟ್ರು ನಡುಮನೆಗೆ ಕಾಲಿಟ್ಟವರೇ ಚಿತ್ರ ನೋಡಿ ನಕ್ಕರು. ಕೈಯಲ್ಲಿದ್ದ ಕಾಫಿ ಚೆಲ್ಲುವಷ್ಟು ನಕ್ಕರು.

"ದೇವಯ್ಯನವರೇ, ಇದನ್ನ ಇಲ್ಲಿ ತೂಗುಹಾಕೋಕೆ ಬಹಳ ಧೈರ್ಯ ಬೇಕು! ಓದದೆ ಪುಸ್ತಕ ಕೂಡಿಡೋರನ್ನ ಗೇಲಿ ಮಾಡಿದ ಚಿತ್ರ ಅಲ್ಲವೇ ಇದು?"

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಹೊಸ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಓದುವವನು ಚಾಕುವಿನಿಂದ ಬಿಡಿಸಿಕೊಳ್ಳಬೇಕು, ನಿನಗೆ ಗೊತ್ತು. ಅದು ಹಾಗೇ ಇತ್ತು. ಇನ್ನೊಂದು ತೆಗೆದರು. ಅದೂ ಹಾಗೇ. ಎಲ್ಲರಿಗೂ ತೋರಿಸಿದರು. ಎಲ್ಲರೂ ನಕ್ಕರು. ಕೊನೆಗೆ ಇವರೂ ನಕ್ಕರು. ಇವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವರೆಲ್ಲ ಹೋದ ಮೇಲೆ ನನ್ನ ಕಡೆ ತಿರುಗಿ, "ನಿಂಗೊತ್ತಿತ್ತಾ?" ಅಂದರು.

"ಇಲ್ಲ" ಅಂದೆ. ತಲೆಯಾಡಿಸಿದರು. ಬೈಯಲಿಲ್ಲ, ಕೈ ಎತ್ತಲಿಲ್ಲ. ಚಿತ್ರವನ್ನೂ ಇಳಿಸಲಿಲ್ಲ, ಅದು ಅಲ್ಲೇ ಇದೆ. ಬೆಳಿಗ್ಗೆ ಒಂದು ಚಾಕು ತಂದು ಆ ದಪ್ಪ ಪುಸ್ತಕದ ಹಾಳೆಗಳನ್ನೆಲ್ಲ ಬಿಡಿಸಿ ನನ್ನ ಮುಂದಿಟ್ಟರು.

"ಓದಿಲ್ಲ ಅಂದ್ನಲ್ಲ ಅವ್ನು. ಓದ್ಬುಡಾನ. ನೀ ಓದು, ನಾ ಕೇಳ್ತೀನಿ."

ಓದುತ್ತಿದ್ದೇನೆ.

ಮೀನಾಕ್ಷಿ


ಮದ್ದೂರು
೨೫ ನವೆಂಬರ್ ೧೯೪೩

ಪ್ರೀತಿಯ ಮೀನಾ,

ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ! ನಾನು ಏನೇನೋ ನೆನೆಸಿಕೊಂಡು ಹೆದರಿದ್ದೆ. ಸಿಟ್ಟು ಬಂದರೆ ಗಂಡಸರು ತಟ್ಟೆ ಎಸೆಯುತ್ತಾರೆ. ನಿನ್ನವರು ಓದಿಸಿಕೊಂಡು ಕೇಳುತ್ತಾರೆ. ಇಂಥ ಗಂಡ ಯಾರಿಗುಂಟು ಹೇಳು?

ನನ್ನ ಪಾಡು ನೋಡು. ಹೋದ ವಾರ ಚನ್ನಪಟ್ಟಣದಿಂದ ಗಂಡಿನ ಕಡೆಯವರು ಬಂದಿದ್ದರು. "ಹುಡ್ಗಿ ಮೇಡಮ್ಮಾಗವಳೆ, ಅದೊಂದೇ ತೊಂದ್ರೆ" ಅಂದು ಎದ್ದುಹೋದರು. ನಾನು ಕ್ಲಾಸಿನಲ್ಲಿ ಕೂಗಿ ಕೂಗಿ ಪಾಠ ಹೇಳಿ ಬಂದರೆ ಮನೆಯಲ್ಲಿ ಕೇಳುವವರು ಅಬ್ಬಾ ಒಬ್ಬರೇ. ಅವರೂ ನಿದ್ದೆ ಮಾಡಿಬಿಡುತ್ತಾರೆ. ನಿನ್ನನ್ನು ನೆನೆದು ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ಮಂಡ್ಯದ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ನೀನು. ಆ ಗಂಟಲಿಗೆ ಈಗ ಕೆಲಸ ಸಿಕ್ಕಿತು ಅಂದುಕೋ.

ಏನು ಓದುತ್ತಿದ್ದೀಯಾ? ವಿವರವಾಗಿ ಬರೆ.

ಶಮೀಮ್


ಮಳವಳ್ಳಿ
೩ ಫೆಬ್ರವರಿ ೧೯೪೪

ಶಮೀಮ್,

ಏನು ಓದುತ್ತಿದ್ದೇನೆಂದು ಕೇಳಿದೆ. ಸಮುದ್ರದ ವ್ಯಾಪಾರದ ಕಾನೂನು ಮುಗಿಯಿತು. ಈಗ ಕುದುರೆಯ ಕಾಯಿಲೆಗಳ ಪುಸ್ತಕ. ಅರ್ಧ ನನಗೂ ಅರ್ಥವಾಗುವುದಿಲ್ಲ. ಅರ್ಥ ಅವರು ಕೇಳುವುದೂ ಇಲ್ಲ. ಒಂದು ಸಾಲು ಬಿಟ್ಟರೆ ಮಾತ್ರ ಹೇಗೋ ತಿಳಿದುಬಿಡುತ್ತದೆ.

ಮೊದಲು ಪುಸ್ತಕದ ಕೋಣೆಯ ಕಿಟಕಿ ತೆರೆದಿರುತ್ತಿತ್ತು, ಬೀದಿಯವರಿಗೆ ಕೇಳಿಸಲಿ ಎಂದು. ಹುಡುಗರು ಹೊರಗೆ ನಿಂತು ನನ್ನ ಹಾಗೇ ಓದಿ ಅಣಕಿಸಿದರು. ಕಿಟಕಿಗೆ ಹಲಗೆ ಹೊಡೆಸಿದರು. ಅವರು ಮಿಲ್ಲಿಗೆ ಹೋದಾಗಲೂ ಓದಬೇಕು. ಬಂದು ಎಷ್ಟು ಹಾಳೆ ಮುಗಿದಿದೆ ಎಂದು ನೋಡುತ್ತಾರೆ.

ಸ್ವಲ್ಪ ಗಂಟಲು ಕಟ್ಟಿದೆ, ಅಷ್ಟೇ. ಚೆನ್ನಾಗಿದ್ದೇನೆ. ಅಬ್ಬಾಗೆ ನನ್ನ ಸಲಾಮು ಹೇಳು.

ಮೀ.


ಮದ್ದೂರು
೧೦ ಮೇ ೧೯೪೪

ಮೀನಾ,

ನಾನು ಬರೆದ ಕಾಗದಗಳು ಅಂಕಮ್ಮನ ಮಗಳ ಮನೆಯಲ್ಲೇ ಬಿದ್ದಿವೆ. ಅಂಕಮ್ಮ ಬರಲಿಲ್ಲ, ನಿನ್ನಿಂದಲೂ ಕಾಗದವಿಲ್ಲ. ಸುಖದಲ್ಲಿ ಗೆಳತಿಯನ್ನು ಮರೆತಳು ಎಂದು ನಾನು ಮುನಿಸಿಕೊಂಡು ಕೂತಿದ್ದೆ. ಎಂಥ ಮಂಕು ನನಗೆ!

ನಿನ್ನೆ ಅಂಕಮ್ಮ ಅಂಗಡಿಗೆ ಬಂದಳು. ಬಾಗಿಲಲ್ಲೇ ಕುಸಿದು ಕೂತು ಅತ್ತಳು.

"ನನ್ನ ಓಡುಸ್ಬುಟ್ರು ಕಣವ್ವ. ಅಮ್ಮಾವ್ರು ಓದೋವಾಗ ಒಂದು ಲೋಟ ನೀರು ಕೊಡಾಕೋದೆ, ಅದ್ಕೇಯ. 'ನಿನ್ನಿಂದ ಓದು ನಿಂತೋಯ್ತು' ಅಂದ್ರು. ಒತ್ತಾರೆ ಕುಂತ್ರೆ ದೀಪ ಅಚ್ಚಗಂಟ ಓದ್ಬೇಕು. ಉಗುದ್ರೆ ರಕ್ತ ಬತ್ತದೆ. ಈಗ ಬಾಯಿ ಅಲ್ಲಾಡ್ತದೆ, ಸಬ್ದವೇ ಇಲ್ಲ. ಆದ್ರೂವೆ ಯಜಮಾನ್ರು ಎದ್ರುಗೇ ಕುಂತ್ಕಂಡು ಕೇಳ್ತರೆ. ಏನು ಕೇಳ್ತರೋ ಸಿವನೇ ಬಲ್ಲ."

ನಿನ್ನ ಫೆಬ್ರವರಿಯ ಕಾಗದ ತೆಗೆದು ಮತ್ತೆ ಓದಿದೆ. ಎಲ್ಲ ಅದರಲ್ಲೇ ಇತ್ತು.

ಇದನ್ನು ನಿಮ್ಮ ಪಕ್ಕದ ಮನೆಯ ಚಿಕ್ಕಬೋರಮ್ಮನ ಕೈಗೆ ಮುಟ್ಟಿಸುತ್ತೇನೆ ಎಂದಿದ್ದಾಳೆ ಅಂಕಮ್ಮ. ಅವರು ಹಿತ್ತಲ ಗೋಡೆಯಿಂದ ನಿನಗೆ ಕೊಡುತ್ತಾರೆ. ನಿನ್ನ ಅಣ್ಣನಿಗೆ ಕೊಕ್ಕರೆ ಬೆಳ್ಳೂರಿಗೆ ಹೇಳಿ ಕಳಿಸಲೇ? ಹೂಂ ಅನ್ನು, ಸಾಕು.

ಶಮೀಮ್


ಮಳವಳ್ಳಿ
೧೯ ಮೇ ೧೯೪೪

ಮದ್ದೂರಿನ ಬೈಂಡರ್ ದಸ್ತಗೀರ್ ಸಾಹೇಬರ ಮಗಳು ಶಮೀಮ್ ಬಾನು ಅವರಿಗೆ ಮಳವಳ್ಳಿಯಿಂದ ಮೀನಾಕ್ಷಮ್ಮ ಬರೆಯುವುದು.

ನಾನು ಆರೋಗ್ಯವಾಗಿದ್ದೇನೆ. ನಮ್ಮ ಯಜಮಾನರು ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಕೆಲಸದವರ ಮಾತು ನಂಬತಕ್ಕದ್ದಲ್ಲ. ಗೋಡೆಯ ಮೇಲಿಂದ ಕಾಗದ ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲ. ನನ್ನ ಅಣ್ಣನಿಗೆ ತಿಳಿಸುವ ಅವಶ್ಯಕತೆ ಇಲ್ಲ.

ಪುಸ್ತಕಗಳಿಗೆ ಹುಳ ಬಿದ್ದಿದೆ. ನಿಮ್ಮ ತಂದೆಯವರು ಬಂದು ನೋಡತಕ್ಕದ್ದು. ನೀವೂ ಜೊತೆಯಲ್ಲಿ ಬರತಕ್ಕದ್ದೆಂದು ನಮ್ಮ ಯಜಮಾನರ ಅಪ್ಪಣೆ.

ಇಂತು,
ಮೀನಾಕ್ಷಮ್ಮ ದೇವಯ್ಯ


ಮದ್ದೂರು
೨೭ ಮೇ ೧೯೪೪

ಮೀನಾ,

ಈ ಕಾಗದ ನಿನಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಹಿಂದಿನದು ಅವರ ಕೈಗೆ ಸಿಕ್ಕಿತ್ತು. ಇದೂ ಸಿಗಬಹುದು. ಸಿಗಲಿ.

ಮೊನ್ನೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ನಿಮ್ಮ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಬ್ಬಾನ ಜೊತೆ ಹೇಳಿಕೊಂಡು ಬಂದೆ: ಹೇಗಾದರೂ ಮಾಡಿ ಮೀನಾಳನ್ನು ಕರೆದುಕೊಂಡೇ ಬರೋಣ ಎಂದು. ಕರೆತರುವುದಿರಲಿ, ನಿನ್ನ ಕೈಯನ್ನೂ ಮುಟ್ಟಲಾಗಲಿಲ್ಲ. ನೀನು ಆ ಮೇಜಿನ ಹಿಂದೆ ಕೂತು ತುಟಿ ಆಡಿಸುತ್ತಲೇ ಇದ್ದೆ. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ.

ಅವರು ಅಬ್ಬಾನನ್ನು ಎಷ್ಟು ಮರ್ಯಾದೆಯಿಂದ ಮಾತನಾಡಿಸಿದರು! ಹುಳಕ್ಕೆ ಮದ್ದೇನು ಎಂದು ಕೇಳಿದರು. ಅಬ್ಬಾ ಚೀಲದಿಂದ ಗಂಧಕದ ಪೊಟ್ಟಣ ತೆಗೆದು ಕೊಟ್ಟರು. "ಕೆಂಡದ ಮ್ಯಾಲಾಕಿ ಕೋಣೆ ಮುಚ್ಚುಬುಡಿ ಯಜಮಾನ್ರೇ. ಒಳ್ಗೆ ನರಪಿಳ್ಳೆ ಇರಬಾರ್ದು, ಹುಸಾರು. ಉಸ್ರು ಕಟ್ಟೋಯ್ತದೆ" ಅಂದರು. ಅವರು ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಆ ಚಿತ್ರ ಕಳ್ಸಿದ್ದು ನೀನೇಯೇನವ್ವ?"

"ಹೌದು."

"ಅದರ ಅರ್ತ ನಮ್ಮನೆಯವ್ಳಿಗೆ ಬರ್ದಿದ್ದಾ?"

ತಪ್ಪನ್ನೆಲ್ಲ ನನ್ನ ಮೇಲೆಳೆದುಕೊಂಡರೆ ನಿನ್ನನ್ನು ಬಿಟ್ಟುಬಿಡುತ್ತಾರೆ ಅಂದುಕೊಂಡೆ. "ಬರೆದಿದ್ದೆ, ತಮಾಷೆಗೆ ಬರೆದದ್ದು, ನನ್ನದೇ ತಪ್ಪು" ಅಂದೆ. ನಿನ್ನ ತುಟಿ ನಿಂತುಹೋಯಿತು. ನಿನಗೆ ಮೊದಲಿಂದಲೂ ಗೊತ್ತಿತ್ತು, ನೀನು ಅವರಿಗೆ ಸುಳ್ಳು ಹೇಳಿದ್ದೆ ಎಂಬುದು ನನ್ನ ಬಾಯಿಂದಲೇ ಹೊರಬಿತ್ತು. ಅವರು ನಿನ್ನನ್ನು ನೋಡಿದ ರೀತಿ ನನ್ನ ಕಣ್ಣಿಂದ ಹೋಗುತ್ತಿಲ್ಲ. ಸಿಟ್ಟೇ ಇರಲಿಲ್ಲ ಅದರಲ್ಲಿ.

ಅಬ್ಬಾ ಬಂದಾಗಿನಿಂದ ಊಟ ಸರಿಯಾಗಿ ಮಾಡಿಲ್ಲ. "ಗಂಧಕ ಯಾಕೆ ಕೊಟ್ಟೆ ನಾನು" ಎಂದು ಅದನ್ನೇ ಹೇಳುತ್ತಾರೆ. ನಿನ್ನ ಅಣ್ಣನಿಗೆ ಆಳು ಕಳಿಸಿದ್ದೇನೆ. ಅವನು ಬರುವವರೆಗೆ, ಮೀನಾ, ಅವರು ಹೇಳಿದ್ದನ್ನೆಲ್ಲ ಮಾಡಿಕೊಂಡಿರು. ಬರೀ ತುಟಿಯಾದರೂ ಸರಿ, ಓದುತ್ತಿರು.

ಶಮೀಮ್


ಕೊಕ್ಕರೆ ಬೆಳ್ಳೂರು
೧೮ ಜೂನ್ ೧೯೪೪

ಪ್ರೀತಿಯ ಶಮೀಮ್,

ಬದುಕಿದ್ದೇನೆ. ಅಣ್ಣನ ಮನೆಯಲ್ಲಿದ್ದೇನೆ. ಇದನ್ನು ಮೊದಲು ಅಬ್ಬಾಗೆ ಓದಿ ಹೇಳು.

ನೀವು ಹೋದ ಮೇಲೆ ಅವರು ಚಿತ್ರವನ್ನು ಗೋಡೆಯಿಂದ ಇಳಿಸಿ ನನ್ನ ಮುಂದೆ ಮೇಜಿನ ಮೇಲಿಟ್ಟರು.

"ಈಗ ಇದ್ನ ಓದು. ಸುಳ್ಳಿಲ್ದಂಗೆ ಓದು."

ಪಿಸುಗುಟ್ಟಿದೆ. ಅಷ್ಟಕ್ಕೆ ಸಾಕಾಗುವಷ್ಟು ದನಿ ಇತ್ತು. ಇವು ಕಣ್ಣಲ್ಲ, ಬೀಗದ ಕೈ. ಇದು ಗಡ್ಡವಲ್ಲ, ಧೂಳಿನ ಕುಚ್ಚು. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಅವರು ಮುಂದಕ್ಕೆ ಬಾಗಿ ಕೇಳಿದರು. ಅಷ್ಟು ತಿಂಗಳು ಓದಿದ್ದರಲ್ಲಿ ಅವರಿಗೆ ನಿಜವಾಗಿ ಅರ್ಥವಾದದ್ದು ಅದೊಂದೇ ಇರಬೇಕು. ಅಲ್ಲಿಗೇ ನಿಲ್ಲಿಸಬಹುದಿತ್ತು ನಾನು. ನನಗೂ ಸಿಟ್ಟಿತ್ತು ಶಮೀಮ್. "ಪುಸ್ತಕಗಳನ್ನೆಲ್ಲ ತೆಗೆದುಬಿಟ್ಟರೆ ಒಳಗೆ ಯಾರೂ ಇಲ್ಲ" ಅಂದೆ.

"ಯಾರೂ ಇಲ್ವಾ?"

"ಇಲ್ಲ."

ಅದು ಸರಿಯಲ್ಲ ಎಂದು ಆಗಲೇ ನನಗೆ ಗೊತ್ತಿತ್ತು. ಕುರಿಗಳನ್ನು ಬಿಟ್ಟು ಶಾಲೆಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ ಹುಡುಗ ಒಳಗಿದ್ದ. ಅವನ ಕತೆಯನ್ನು ಅವರು ಹೇಳಿದ್ದು ನನಗೊಬ್ಬಳಿಗೇ. ಆದರೂ ಇಲ್ಲ ಅಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಬೀರುಗಳ ಹಿಂದೆ ಕೂತು ಓದುತ್ತಿದ್ದಾಗ ಬಾಗಿಲು ಮುಚ್ಚಿತು. ಚಿಲಕದ ಸದ್ದಾಯಿತು. ಅದು ದಿನವೂ ಇದ್ದದ್ದೇ. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಬಾಗಿಲ ಬಳಿ ಕೆಂಡದ ಬಾಣಲೆ ಇತ್ತು, ಹೊಗೆ ಏಳುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ಬಡಿದೆ. ಕೂಗಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಕಿಟಕಿಯ ಹಲಗೆಯನ್ನು ಪುಸ್ತಕ ತೆಗೆದುಕೊಂಡು ಚಚ್ಚಿದೆ. ಪುಸ್ತಕ ಹರಿದವು, ಹಲಗೆ ಅಲ್ಲಾಡಲಿಲ್ಲ. ಮುಂದಿನದು ನನಗೆ ನೆನಪಿಲ್ಲ. ತಮ್ಮ ಮನೆಯ ಮುಂದೆ ಭತ್ತ ಹರವುತ್ತಿದ್ದ ಚಿಕ್ಕಬೋರಮ್ಮ ಹಲಗೆಯ ಸಂದಿನಿಂದ ಹಳದಿ ಹೊಗೆ ಬರುವುದನ್ನು ಕಂಡು ಹಾರೆ ತಂದು ಕಿಟಕಿ ಕಿತ್ತರಂತೆ. ನನ್ನ ಜುಟ್ಟು ಹಿಡಿದು ಆಚೆಗೆ ಎಳೆದುಕೊಂಡರಂತೆ. ಎರಡು ದಿನ ಅವರ ಮನೆಯಲ್ಲೇ ಇದ್ದೆ, ಆಮೇಲೆ ಅಣ್ಣ ಗಾಡಿ ತಂದ.

ನಿನ್ನೆ ಬೆಳಿಗ್ಗೆ ಅವರು ಮಳವಳ್ಳಿಯ ದೊಡ್ಡವರನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದರು, ನನ್ನನ್ನು ಕರೆದೊಯ್ಯಲು. ಅಣ್ಣನ ಜಗುಲಿಯ ಮೇಲೆ ಚಾಪೆ ಹಾಸಿದ್ದೆವು. ಮುಂದಿನ ಹುಣಸೆ ಮರದಲ್ಲಿ ಕೊಕ್ಕರೆಯ ಮರಿಗಳದ್ದು ಒಂದೇ ಗಲಾಟೆ, ಮಾತು ಕೇಳಿಸಬೇಕಾದರೆ ಎಲ್ಲರೂ ಕೂಗಬೇಕಾಗಿತ್ತು.

ದೊಡ್ಡವರಲ್ಲಿ ಲಿಂಗಯ್ಯನವರೆಂದು ಒಬ್ಬರು. ಅವರೇ ಮಾತು ತೆಗೆದರು. "ಒಳಗವ್ಳೆ ಅಂತ ಗೊತ್ತಾಗ್ನಿಲ್ಲ ಅಂತಾವ್ನೆ ಕಣವ್ವ. ಹುಳಕ್ಕೆ ಹೊಗೆ ಹಾಕ್ಬುಟ್ಟು ಮಿಲ್ಲಿಗೋಗವ್ನೆ. ಕೆಟ್ಟ ಗಳಿಗೆ. ಬುಟ್ಟಾಕು, ಗಾಡಿ ಹತ್ತು."

ಅವರು ತಲೆ ತಗ್ಗಿಸಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದರು. ಒಂದು ಕ್ಷಣ ನನ್ನ ಮನಸ್ಸು ಅವರ ಕಡೆ ವಾಲಿತು, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲವೇನೋ ಅನಿಸಿತು. ಅಣ್ಣನ ಮಗಳ ಸ್ಲೇಟು ತರಿಸಿ ಒಂದು ಪ್ರಶ್ನೆ ಬರೆದೆ. ಅಣ್ಣ ಎಲ್ಲರಿಗೂ ಕೇಳಿಸುವಂತೆ ಓದಿದ.

"ನಾನು ಬಾಗಿಲು ಬಡಿದದ್ದು ನಿಮಗೆ ಕೇಳಿಸಲಿಲ್ಲವೇ?"

ಇವರು ಇಲ್ಲ ಎಂದು ಒಂದು ಮಾತು ಅಂದಿದ್ದರೆ, ಎಲ್ಲರೂ ನಂಬುತ್ತಿದ್ದರು. ನಾನೂ ನಂಬುತ್ತಿದ್ದೆ. ಆದರೆ ಅವರಿಗೆ ಸುಳ್ಳು ಬರುವುದಿಲ್ಲವಲ್ಲ. ಗೊತ್ತಾಗಲಿಲ್ಲ ಎಂಬ ಮಾತನ್ನು ದೊಡ್ಡವರೇ ಕಟ್ಟಿ ಅವರ ಬಾಯಿಗೆ ಕೊಟ್ಟಿದ್ದಿರಬೇಕು.

"ಕೇಳುಸ್ತು" ಅಂದರು.

ಲಿಂಗಯ್ಯನವರು ಅವರ ಕಡೆ ಪೂರಾ ತಿರುಗಿದರು. "ಏನಂದೆ?"

"ಕೇಳುಸ್ತು. ಬಾಗ್ಲತ್ರವೇ ನಿಂತಿದ್ದೆ. ಬಾಯಿ ಬುಟ್ಟು ಒಂದು ಕಿತ ಕೂಗ್ಲಿ, ತಗೀತೀನಿ ಅಂತ ಕಾದೆ. ಇವ್ಳು ಕೂಗ್ನೇ ಇಲ್ಲ."

ಚಿಕ್ಕಬೋರಮ್ಮನೂ ಬಂದಿದ್ದರು. ಬಾಗಿಲ ಮರೆಯಿಂದ ಎದ್ದು ಬಂದು, "ಕೂಗಾಕೆ ಗಂಟ್ಲು ಎಲ್ಲಿ ಮಡಗಿದ್ಯಪ್ಪ ಅವ್ಳಿಗೆ?" ಅಂದರು. ಆ ಪ್ರಶ್ನೆಯೇ ತಮಗೆ ಹೊಸದು ಅನ್ನುವ ಹಾಗೆ ಇವರು ಚಿಕ್ಕಬೋರಮ್ಮನ ಮುಖ ನೋಡಿದರು.

ಲಿಂಗಯ್ಯನವರು ಟವಲು ಕೊಡವಿಕೊಂಡು ಎದ್ದರು. "ನಡೀರಲಾ" ಅಂದರು, ಅಷ್ಟೇ. ಕಾಯಿ, ಎಲೆ ಅಡಿಕೆ ತಂದಿದ್ದ ತಟ್ಟೆಯನ್ನು ಅವರೇ ಎತ್ತಿಕೊಂಡರು. ಎಲ್ಲರೂ ಗಾಡಿ ಹತ್ತಿದ ಮೇಲೆ ಇವರೊಬ್ಬರು ಹಿಂದಕ್ಕೆ ಬಂದು ಜಗುಲಿಯ ಕೆಳಗೆ ನಿಂತರು. ಅಣ್ಣ ನನ್ನ ಮುಂದೆ ಬಂದು ನಿಂತ. ಅವನ ಭುಜದ ಮೇಲಿಂದ ನನ್ನನ್ನೇ ನೋಡುತ್ತ, ಬಹಳ ಮೆತ್ತಗೆ, "ಪುಸ್ತಕ ಅರ್ದಕ್ಕೆ ನಿಂತೋಗದೆ ಅಮ್ಮಿ. ಗುರುತಿಟ್ಟು ಮಡಗಿವ್ನಿ" ಅಂದರು.

ಸ್ಲೇಟು ಒರೆಸಿ "ಬರುವುದಿಲ್ಲ" ಎಂದು ಬರೆದೆ. ಅಣ್ಣ ಓದಲು ಹೊರಟ. ಬೇಡವೆಂದು ಅವನ ತೋಳು ಹಿಡಿದು, ಸ್ಲೇಟನ್ನು ಅವರ ಕೈಗೇ ಕೊಟ್ಟೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತಾವೇ ಓದಿಕೊಂಡರು.

ಮೀನಾಕ್ಷಿ